ಅಜ್ಜನ ಕೋಟೆ, ಅಜ್ಜನ ಸಾಲ

ಟೈಗ್ರಿಸ್ ನದಿ ತುರ್ಕಿಯ ಗಡಿ ದಾಟುವುದಕ್ಕೆ ಸ್ವಲ್ಪ ಮೊದಲು ಜಿಜ್ರೆ ಎಂಬ ಊರು ಸಿಗುತ್ತದೆ. ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಜಜೀರಾ. ಅರಬ್ಬಿಯಲ್ಲಿ ಹಾಗೆಂದರೆ ದ್ವೀಪ. ಒಂದು ಕಾಲಕ್ಕೆ ನದಿಯ ನೀರು ಊರನ್ನು ಸುತ್ತುವರಿದಿತ್ತಂತೆ. ಕುರ್ದ್ ಜನರ ಮನಸ್ಸಿನಲ್ಲಿ ಈ ಊರಿಗೆ ದೊಡ್ಡ ಜಾಗವಿದೆ. ಅಹ್ಮದ್ ಖಾನಿ 17ನೇ ಶತಮಾನದ ಕೊನೆಯಲ್ಲಿ ಬರೆದ, ಅವರ ಭಾಷೆಯ ಅತಿ ಹೆಸರಾದ ಕಾವ್ಯ ‘ಮೆಮ್ ಉ ಜೀನ್’ ನಡೆಯುವುದು ಇಲ್ಲಿ. ಆ ಪ್ರೇಮಿಗಳದೆಂದು ಜನ ನಂಬುವ ಸಮಾಧಿಯೂ ಇಲ್ಲಿದೆ. ಕಾವ್ಯದಲ್ಲಿ ಬರುವ ಮೀರ್, ಅಂದರೆ ದೊರೆ, ಬೋತಾನ್ ಸಂಸ್ಥಾನದವನು. ಜಿಜ್ರೆ ಆ ಸಂಸ್ಥಾನದ ರಾಜಧಾನಿ.

ಆ ಸಂಸ್ಥಾನದ ಕೊನೆಯ ದೊಡ್ಡ ದೊರೆ ಬೆದಿರ್‌ಖಾನ್ ಬೇಗ್. ಅವನ ಮತ್ತು ಅವನ ಮಕ್ಕಳು ಮೊಮ್ಮಕ್ಕಳ ಕಥೆ ಓದುವಾಗ ಒಂದು ಪ್ರಶ್ನೆ ಅಂಟಿಕೊಂಡು ಬಿಡಲೊಲ್ಲದು. ಮನೆತನದ ಹೆಸರನ್ನು ನಾವು ಸಂತೋಷದಿಂದ ಇಟ್ಟುಕೊಳ್ಳುತ್ತೇವೆ. ನಮ್ಮಜ್ಜ ಹಾಗಿದ್ದರು, ನಮ್ಮ ಮನೆಗೆ ಅಷ್ಟು ಬಾಗಿಲಿತ್ತು, ನಮ್ಮವರ ಮಾತು ಆ ಸೀಮೆಯಲ್ಲಿ ನಡೆಯುತ್ತಿತ್ತು ಎನ್ನುತ್ತೇವೆ. ಆ ‘ನಮ್ಮ’ ಎನ್ನುವುದು ಅಜ್ಜ ಮಾಡಿದ ಅನ್ಯಾಯಕ್ಕೂ ಅನ್ವಯಿಸುತ್ತದೆಯೇ? ಅನ್ವಯಿಸದಿದ್ದರೆ ಹೆಮ್ಮೆಗೆ ಮಾತ್ರ ಅನ್ವಯಿಸುವುದು ಹೇಗೆ?

ಊರು ಬಿಟ್ಟು ಬಂದವರಿಗೆ ಈ ಪ್ರಶ್ನೆ ಸ್ವಲ್ಪ ಹೆಚ್ಚೇ ತಾಕುತ್ತದೆ ಎಂದು ನನ್ನ ಅನುಮಾನ. ಊರಲ್ಲೇ ಇದ್ದವನಿಗೆ ಅಜ್ಜನ ಕಥೆ ಹೇಳುವ ಅಗತ್ಯ ಬೀಳುವುದಿಲ್ಲ. ಎಲ್ಲರಿಗೂ ಗೊತ್ತು, ಮುಖ್ಯವಾಗಿ ಅಜ್ಜನಿಂದ ಪೆಟ್ಟು ತಿಂದವರ ಮೊಮ್ಮಕ್ಕಳಿಗೆ ಚೆನ್ನಾಗಿ ಗೊತ್ತು. ಪುಣೆಯ ಅಪಾರ್ಟ್‌ಮೆಂಟಿನಲ್ಲಿ ಆ ಮೊಮ್ಮಕ್ಕಳು ಎದುರಿಗಿರುವುದಿಲ್ಲ. ಅಲ್ಲಿ ಅಜ್ಜ ದಿನದಿನಕ್ಕೂ ಒಳ್ಳೆಯವನಾಗುತ್ತ ಹೋಗುತ್ತಾನೆ.

ಬೋತಾನ್ ಮನೆತನಕ್ಕೂ ಇಂಥ ಒಂದು ಕಥೆಯಿತ್ತು. ಅವರನ್ನು ಅಜೀಜಾನ್ ಎಂದು ಕರೆಯುತ್ತಿದ್ದರು. ಪ್ರವಾದಿಯ ಕಾಲದ ಪ್ರಸಿದ್ಧ ಸೇನಾನಿ ಖಾಲಿದ್ ಬಿನ್ ವಲೀದ್ ತಮ್ಮ ಮೂಲಪುರುಷ ಎಂಬುದು ಅವರ ಹೇಳಿಕೆ. ಕುರ್ದ್ ದೊರೆಮನೆಗಳ ಬಗ್ಗೆ ಬಿತ್ಲಿಸ್‌ನ ದೊರೆ ಶರಫ್ ಖಾನ್ 1597ರಲ್ಲಿ ಪರ್ಷಿಯನ್ ಭಾಷೆಯಲ್ಲಿ ಬರೆದು ಮುಗಿಸಿದ ‘ಶರಫ್‌ನಾಮೆ’ಯಲ್ಲಿ ಇವರಿಗೂ ಒಂದು ಅಧ್ಯಾಯವಿದೆ. ವಂಶಾವಳಿಗಳ ವಿಷಯದಲ್ಲಿ ಎಲ್ಲ ಸೀಮೆಯ ದೊರೆಗಳೂ ಒಂದೇ. ಸೂರ್ಯನೋ ಚಂದ್ರನೋ ಸೇನಾನಿಯೋ ಒಬ್ಬರು ಬೇಕು.

ಅವರ ಅಧಿಕಾರಕ್ಕೆ ಗಟ್ಟಿ ಆಧಾರ ಬೇರೆ ಇತ್ತು. 1514ರಲ್ಲಿ ಚಾಲ್ದಿರಾನ್ ಬಯಲಿನಲ್ಲಿ ಆಟೊಮನ್ ಸುಲ್ತಾನ ಸಲೀಮ್ ಇರಾನಿನ ಷಾ ಇಸ್ಮಾಯಿಲನನ್ನು ಸೋಲಿಸಿದ. ಎರಡು ಸಾಮ್ರಾಜ್ಯಗಳ ನಡುವಿನ ಬೆಟ್ಟಗುಡ್ಡಗಳನ್ನು ನೇರವಾಗಿ ಆಳುವುದು ಸುಲ್ತಾನನಿಗೂ ಕಷ್ಟ. ಇದ್ರಿಸ್ ಬಿತ್ಲಿಸಿ ಎಂಬ ವಿದ್ವಾಂಸ ನಡುವೆ ನಿಂತು ಮಾತುಕತೆ ನಡೆಸಿದ. ಕುರ್ದ್ ದೊರೆಗಳು ಸುಲ್ತಾನನ ಪಕ್ಷ ಹಿಡಿದರು. ಅವರ ನಾಡು ಅವರ ವಂಶದಲ್ಲೇ ಮುಂದುವರಿಯುವುದಕ್ಕೆ ಸುಲ್ತಾನ ಒಪ್ಪಿದ. ನಮ್ಮ ಪಾಳೆಯಗಾರರನ್ನು ನೆನೆದರೆ ಈ ವ್ಯವಸ್ಥೆಯ ಅಂದಾಜು ಸಿಗುತ್ತದೆ: ಯುದ್ಧ ಬಂದಾಗ ದಂಡು ಕಳಿಸಬೇಕು, ಉಳಿದಂತೆ ಬೆಟ್ಟದ ಮೇಲೆ ತಾನೇ ದೊರೆ. ಹೆಚ್ಚುಕಮ್ಮಿ ಮುನ್ನೂರು ವರ್ಷ ಇದು ನಡೆಯಿತು.

19ನೇ ಶತಮಾನದಲ್ಲಿ ಇಸ್ತಾಂಬುಲ್ ಬದಲಾಯಿತು. ತೆರಿಗೆ, ಸೈನ್ಯಕ್ಕೆ ಜನ, ಲೆಕ್ಕಪತ್ರ, ಎಲ್ಲವೂ ರಾಜಧಾನಿಯ ಕೈಗೆ ಬರಬೇಕೆಂದು 1839ರಲ್ಲಿ ತಂಜಿಮಾತ್ ಎಂಬ ಸುಧಾರಣೆ ಶುರುವಾಯಿತು. ಅದೇ ವರ್ಷ ನಿಜಿಪ್ ಎಂಬಲ್ಲಿ ಈಜಿಪ್ಟಿನ ಸೈನ್ಯ ಆಟೊಮನ್ ಸೈನ್ಯವನ್ನು ಚೆನ್ನಾಗಿ ಸೋಲಿಸಿತು. ಕೇಂದ್ರ ಒಂದು ಕಡೆ ಎಲ್ಲವನ್ನೂ ಹಿಡಿಯಬೇಕೆನ್ನುತ್ತಿತ್ತು, ಇನ್ನೊಂದು ಕಡೆ ಅದರ ಕೈ ನಡುಗುತ್ತಿತ್ತು. ಈ ಹೊತ್ತಿನಲ್ಲಿ ಬೆದಿರ್‌ಖಾನ್ ಬೆಳೆದ. ಅಕ್ಕಪಕ್ಕದ ಬುಡಕಟ್ಟುಗಳನ್ನು ಒಂದುಗೂಡಿಸಿದ, ಹಕ್ಕಾರಿಯ ದೊರೆ ನೂರುಲ್ಲಾ ಬೇಗನನ್ನು ಜೊತೆಗೆ ಸೇರಿಸಿಕೊಂಡ. 1846ರಲ್ಲಿ ಅವನನ್ನು ಭೇಟಿಯಾಗಿ ಬಂದ ಇಬ್ಬರು ಅಮೆರಿಕನ್ ಪಾದ್ರಿಗಳು ಅವನ ನಾಡಿನ ಶಿಸ್ತನ್ನು ಹೊಗಳಿ ಬರೆದರು. ಕಳ್ಳತನವಿಲ್ಲ, ದಾರಿಯಲ್ಲಿ ಭಯವಿಲ್ಲ, ಅಪರಾಧ ಮಾಡಿದವನು ಲಂಚ ಕೊಟ್ಟು ತಪ್ಪಿಸಿಕೊಳ್ಳುವಂತಿಲ್ಲ. ರಾತ್ರಿ ಹೊತ್ತು ಒಂಟಿ ಹೆಂಗಸು ಬಂಗಾರ ಹಾಕಿಕೊಂಡು ನಡೆಯಬಹುದಿತ್ತು ಎಂಬ ಮಾತು ನಮ್ಮಲ್ಲಿಯೂ ಪ್ರತಿ ಹಳೆಯ ದೊರೆಯ ಬಗ್ಗೆ ಇದೆಯಲ್ಲ, ಅದರ ಕುರ್ದ್ ರೂಪ ಇದು. ಇಲ್ಲಿ ಹೊರಗಿನವರ ಸಾಕ್ಷಿಯಿದೆ ಎಂಬುದಷ್ಟೇ ವ್ಯತ್ಯಾಸ.

ಈ ಪಾದ್ರಿಗಳು ಹೋಗುವುದಕ್ಕೆ ಮೂರು ವರ್ಷ ಮೊದಲು ನಡೆದದ್ದನ್ನು ಈಗ ಹೇಳಬೇಕು.

ಬೋತಾನಿನ ಪೂರ್ವಕ್ಕೆ ಹಕ್ಕಾರಿಯ ಕಡಿದಾದ ಕಣಿವೆಗಳು. ಅಲ್ಲಿ ತಿಯಾರಿ, ತ್ಖುಮಾ, ದಿಜ್ ಎಂಬ ಸೀಮೆಗಳಲ್ಲಿ ಅಸ್ಸೀರಿಯನ್ ಕ್ರೈಸ್ತರು ಇದ್ದರು. ಅವರ ಚರ್ಚನ್ನು ನೆಸ್ಟೋರಿಯನ್ ಎಂದು ಹೊರಗಿನವರು ಕರೆಯುತ್ತಿದ್ದರು. ಅವರು ಪೂರ್ವದ ಚರ್ಚ್ ಎನ್ನುತ್ತಾರೆ. ನಮ್ಮ ಪಕ್ಕದ ಕೇರಳದ ತ್ರಿಶೂರಿನಲ್ಲಿ ಇಂದಿಗೂ ಇದೇ ಚರ್ಚಿಗೆ ಸೇರಿದ ಒಂದು ಸಮುದಾಯವಿದೆ, ಆದ್ದರಿಂದ ಇದು ತೀರಾ ದೂರದ ಮಾತಲ್ಲ. ಈ ಬೆಟ್ಟದ ಅಸ್ಸೀರಿಯನ್ನರು ಸಾಧು ರೈತರಾಗಿರಲಿಲ್ಲ. ಬಂದೂಕು ಹಿಡಿದ ಬುಡಕಟ್ಟುಗಳು ಅವರದ್ದೂ. ಮಾರ್ ಶಿಮೂನ್ ಎಂಬ ಬಿರುದಿನ ಪ್ರಧಾನ ಗುರುವೇ ಅವರ ನಾಯಕ. ಅವರ ಮತ್ತು ಕುರ್ದರ ನಡುವೆ ಜಗಳ, ಒಪ್ಪಂದ, ಕುರಿಮೇಯುವ ಜಾಗದ ತಕರಾರು ತಲೆಮಾರುಗಳಿಂದ ಇತ್ತು.

1843ರಲ್ಲಿ ಬೆದಿರ್‌ಖಾನ್ ಮತ್ತು ನೂರುಲ್ಲಾ ಸೇರಿ ಈ ಕಣಿವೆಗಳ ಮೇಲೆ ದಂಡೆತ್ತಿ ಹೋದರು. ಸತ್ತವರು ಸಾವಿರಗಟ್ಟಲೆ, ಹತ್ತು ಸಾವಿರ ಎಂಬ ಅಂದಾಜೂ ಇದೆ. ಹೆಂಗಸರು ಮಕ್ಕಳು ಗುಲಾಮರಾಗಿ ಹಂಚಿಹೋದರು. ಮಾರ್ ಶಿಮೂನ್ ಮೋಸುಲ್‌ಗೆ ಓಡಿ ಬದುಕಿಕೊಂಡ. ಅವನ ತಾಯಿಯನ್ನು ಕೊಂದರು. 1846ರಲ್ಲಿ ಇನ್ನೊಂದು ದಾಳಿ ತ್ಖುಮಾದ ಮೇಲೆ.

ಈ ಎರಡು ದಾಳಿಗಳ ನಡುವಿನ ಅವಧಿಯಲ್ಲಿ, ನಿಮ್ರುದ್‌ನಲ್ಲಿ ಉತ್ಖನನ ಮಾಡುತ್ತಿದ್ದ ಇಂಗ್ಲಿಷಿನ ಆಸ್ಟೆನ್ ಹೆನ್ರಿ ಲೇಯಾರ್ಡ್ ತಿಯಾರಿಗೆ ಹೋದ. ಲಿಜಾನ್ ಎಂಬ ಹಳ್ಳಿಯ ಮೇಲಿನ ಬಂಡೆಯೊಂದನ್ನು ಊರವರು ಅವನಿಗೆ ತೋರಿಸಿದರು. ಸುಮಾರು ಸಾವಿರ ಜನ ಅಲ್ಲಿ ಆಶ್ರಯ ಪಡೆದಿದ್ದರಂತೆ. ಬೆದಿರ್‌ಖಾನನ ದಂಡು ಬಂಡೆಯನ್ನು ಹತ್ತಲು ಹೋಗಲಿಲ್ಲ, ಸುತ್ತುಗಟ್ಟಿ ಕಾಯಿತು. ಮೂರು ದಿನಕ್ಕೆ ಮೇಲಿದ್ದವರ ನೀರು ಮುಗಿಯಿತು. ಆಯುಧ ಮತ್ತು ಆಸ್ತಿ ಒಪ್ಪಿಸಿದರೆ ಜೀವ ಉಳಿಸುತ್ತೇವೆ ಎಂದು ಕುರಾನಿನ ಮೇಲೆ ಆಣೆಯಾಯಿತು. ಆಯುಧ ಒಪ್ಪಿಸಿದರು. ಆಮೇಲೆ ಕಡಿಯಲು ಶುರುಮಾಡಿದರು. ಕಡಿದು ಸಾಕಾದಾಗ ಉಳಿದವರನ್ನು ಕೆಳಗೆ ಹರಿಯುವ ಜಾಬ್ ನದಿಯ ಕಡೆಗೆ ತಳ್ಳಿದರು. ಒಬ್ಬನೇ ಒಬ್ಬ ಉಳಿದನೆಂದು ಲೇಯಾರ್ಡ್‌ಗೆ ಹೇಳಿದರು. ಮೂರು ವರ್ಷದ ನಂತರವೂ ಇಳಿಜಾರಿನಲ್ಲಿ ತಲೆಬುರುಡೆಗಳು, ಪೊದೆಗಳಿಗೆ ಸಿಕ್ಕಿಕೊಂಡ ಹೆಂಗಸರ ಹೆಣೆದ ಜಡೆಗಳು, ಸವೆದ ಚಪ್ಪಲಿಗಳು ಬಿದ್ದಿದ್ದವು.

ಲೇಯಾರ್ಡ್ ಪಕ್ಷಪಾತಿ ಎನ್ನಬಹುದು. ಅವನು ಬ್ರಿಟಿಷ್ ಹಿತಾಸಕ್ತಿಯ ಮನುಷ್ಯ, ಕುರ್ದರನ್ನು ಇಷ್ಟಪಟ್ಟವನಲ್ಲ. ಆದರೆ ಜಡೆಗಳಿಗೆ ಪಕ್ಷವಿಲ್ಲ.

ಈ ಹತ್ಯೆಯ ಸುದ್ದಿ ಲಂಡನ್, ಪ್ಯಾರಿಸ್ ತಲುಪಿ, ಅಲ್ಲಿಂದ ಒತ್ತಡ ಇಸ್ತಾಂಬುಲ್ ತಲುಪಿತು. ಇಸ್ತಾಂಬುಲಿಗೂ ನೆಪ ಬೇಕಾಗಿತ್ತು. 1847ರಲ್ಲಿ ಉಸ್ಮಾನ್ ಪಾಷಾ ದೊಡ್ಡ ಸೈನ್ಯದೊಂದಿಗೆ ಬಂದ. ಬೆದಿರ್‌ಖಾನನ ಹತ್ತಿರದ ಸಂಬಂಧಿ ಯೆಜ್ದಾನ್‌ಶೇರ್ ಆ ಕಡೆ ಸೇರಿಕೊಂಡ. ಮನೆಯವನೇ ಬಾಗಿಲು ತೆಗೆಯುವುದು ಕೋಟೆಗಳ ಇತಿಹಾಸದಲ್ಲಿ ಹೊಸದೇನಲ್ಲ. ಜುಲೈ ತಿಂಗಳಲ್ಲಿ ಬೆದಿರ್‌ಖಾನ್ ಶರಣಾದ. ಗೆದ್ದ ಸೈನಿಕರಿಗೆ ಕೊಡಲು ಇಸ್ತಾಂಬುಲ್ ‘ಕುರ್ದಿಸ್ತಾನ್ ಪದಕ’ ಎಂದೇ ಒಂದು ಪದಕ ಟಂಕಿಸಿತು. ದೊರೆಯನ್ನು ಮನೆಮಂದಿ ಸಮೇತ ಕ್ರೀಟ್ ದ್ವೀಪಕ್ಕೆ ಗಡೀಪಾರು ಮಾಡಿದರು. ಅಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಇದ್ದು, ಪಾಷಾ ಎಂಬ ಬಿರುದನ್ನೂ ಪಡೆದು, ಕೊನೆಗೆ ಡಮಾಸ್ಕಸ್‌ನಲ್ಲಿ 1870ರ ಆಸುಪಾಸಿಗೆ ತೀರಿಕೊಂಡ. ಜಿಜ್ರೆಯನ್ನು ಮತ್ತೆ ಆಳಲಿಲ್ಲ.

ಇಲ್ಲಿಗೆ ಸಂಸ್ಥಾನದ ಕಥೆ ಮುಗಿಯಿತು. ಮನೆತನದ ಕಥೆ ಹೊರನಾಡಿನಲ್ಲಿ ಶುರುವಾಯಿತು, ಮತ್ತು ಅದು ಸುಂದರವಾದ ಕಥೆ.

ಬೆದಿರ್‌ಖಾನನಿಗೆ ಹಲವು ಹೆಂಡಂದಿರು, ಹತ್ತಾರು ಮಕ್ಕಳು. ಬಹಳಷ್ಟು ಜನ ಅದೇ ಸುಲ್ತಾನನ ಸರಕಾರದಲ್ಲಿ ನೌಕರಿಗೆ ಸೇರಿದರು. ಅವರಲ್ಲಿ ಮಿಕ್ದಾದ್ ಮಿದ್ಹತ್ ಎಂಬಾತ 1898ರ ಏಪ್ರಿಲ್ 22ರಂದು ಕೈರೋದಲ್ಲಿ ‘ಕುರ್ದಿಸ್ತಾನ್’ ಎಂಬ ಪತ್ರಿಕೆ ಹೊರತಂದ. ಕುರ್ದಿಶ್ ಭಾಷೆಯ ಮೊಟ್ಟಮೊದಲ ಪತ್ರಿಕೆ ಇದು. ಕೆಲವೇ ಸಂಚಿಕೆಗಳ ನಂತರ ತಮ್ಮ ಅಬ್ದುರ್ರಹಮಾನ್ ಅದನ್ನು ವಹಿಸಿಕೊಂಡ. ಸುಲ್ತಾನನ ಕಣ್ಣು ತಪ್ಪಿಸುತ್ತ ಪತ್ರಿಕೆ ಕೈರೋದಿಂದ ಜಿನೀವಾಕ್ಕೆ, ಲಂಡನ್ನಿಗೆ, ಇಂಗ್ಲೆಂಡಿನ ಫೋಕ್‌ಸ್ಟನ್ ಎಂಬ ಸಮುದ್ರತೀರದ ಊರಿಗೆ ಹೋಯಿತು. 1902ರವರೆಗೆ 31 ಸಂಚಿಕೆ ಬಂದವು. ‘ಮೆಮ್ ಉ ಜೀನ್’ ಕಾವ್ಯವನ್ನು ಅದರಲ್ಲಿ ಕಂತು ಕಂತಾಗಿ ಅಚ್ಚುಹಾಕಿದರು. ಊರಿಂದ ಅಷ್ಟು ದೂರ ಕೂತು ತಮ್ಮ ಊರಿನ ಕಾವ್ಯವನ್ನು ಮೊಳೆ ಜೋಡಿಸಿ ಅಚ್ಚುಮಾಡುವ ಸುಖ ಎಂಥದೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ.

ಮುಂದಿನ ತಲೆಮಾರಿನ ಜೆಲಾದೆತ್ ಇನ್ನೂ ದೊಡ್ಡ ಕೆಲಸ ಮಾಡಿದ. ಬೆದಿರ್‌ಖಾನನ ಮೊಮ್ಮಗ ಇವನು. 1932ರ ಮೇ 15ರಂದು ಡಮಾಸ್ಕಸ್‌ನಲ್ಲಿ ‘ಹಾವಾರ್’ ಪತ್ರಿಕೆ ಶುರುಮಾಡಿದ. ಹಾವಾರ್ ಎಂದರೆ ಮೊರೆ, ಕೂಗು. ಕುರ್ದಿಶ್‌ಗೆ ಅವನು ರೂಪಿಸಿದ ಲ್ಯಾಟಿನ್ ಲಿಪಿ ಆ ಪತ್ರಿಕೆಯ ಮೂಲಕವೇ ಹರಡಿತು. ತುರ್ಕಿ ಮತ್ತು ಸಿರಿಯಾದ ಕುರ್ದರು ಇವತ್ತು ಬರೆಯುವುದು ಅದರಲ್ಲೇ. ಅವನ ತಮ್ಮ ಕಾಮುರಾನ್ ಪ್ಯಾರಿಸ್ಸಿನಲ್ಲಿ ಕುರ್ದಿಶ್ ಕಲಿಸಿದ. ತುರ್ಕಿ ತನ್ನ ನೆಲದಲ್ಲಿ ಆ ಭಾಷೆಯೇ ಇಲ್ಲವೆಂದು ಸಾಧಿಸುತ್ತಿದ್ದ ಕಾಲದಲ್ಲಿ ಈ ಒಂದು ಮನೆಯವರು ಅದಕ್ಕೆ ಅಕ್ಷರ, ವ್ಯಾಕರಣ, ಪತ್ರಿಕೆ ಎಲ್ಲ ಕೊಟ್ಟರು. ಏಪ್ರಿಲ್ 22 ಕುರ್ದರಿಗೆ ಪತ್ರಿಕಾ ದಿನ, ಮೇ 15 ಭಾಷಾ ದಿನ. ಒಂದು ಜನಾಂಗದ ಪಂಚಾಂಗದಲ್ಲಿ ಒಂದೇ ಮನೆಯ ಎರಡು ದಿನಗಳು.

ಆ ಮನೆಯ ಹೆಸರು ಬೆದಿರ್‌ಖಾನ್. ತ್ರಿಶೂರಿನ ಚರ್ಚಿನ ಬಂಧುಗಳಿಗೆ, ಶಿಕಾಗೋ ಮತ್ತು ಸಿಡ್ನಿಯ ಅಸ್ಸೀರಿಯನ್ನರಿಗೆ, ಅದೇ ಹೆಸರಿನ ಅರ್ಥ ಲಿಜಾನಿನ ಬಂಡೆ.

ಬೆದಿರ್‌ಖಾನನ ಪರವಾಗಿ ಹೇಳುವ ಮಾತುಗಳು ಇಲ್ಲದಿಲ್ಲ. ಅಮೆರಿಕನ್ ಪಾದ್ರಿಗಳು ಆಶೀತಾ ಎಂಬ ಹಳ್ಳಿಯಲ್ಲಿ ಗುಡ್ಡದ ಮೇಲೆ ದೊಡ್ಡ ಕಟ್ಟಡ ಕಟ್ಟುತ್ತಿದ್ದರು, ಅದು ಕೋಟೆಯೆಂದು ಸುದ್ದಿ ಹಬ್ಬಿತ್ತು. ಯುರೋಪಿನವರು ಕ್ರೈಸ್ತರ ನೆಪದಲ್ಲಿ ನಾಡಿಗೆ ನುಗ್ಗುತ್ತಾರೆಂಬ ಭಯ ಸುಳ್ಳಾಗಿರಲಿಲ್ಲ. ಮಾರ್ ಶಿಮೂನ್ ಮತ್ತು ನೂರುಲ್ಲಾ ನಡುವೆ ಹಳೆಯ ರಾಜಕೀಯ ವೈರವಿತ್ತು. ಮೋಸುಲಿನ ಆಟೊಮನ್ ಅಧಿಕಾರಿ ನೋಡಿಯೂ ನೋಡದಂತಿದ್ದ; ಎರಡು ಬೆಟ್ಟದ ಶಕ್ತಿಗಳು ಹೊಡೆದಾಡಿಕೊಂಡರೆ ಅವನಿಗೆ ಲಾಭ. ಬೆದಿರ್‌ಖಾನನ ಸ್ವಂತ ನಾಡಿನಲ್ಲಿ ಅರ್ಮೇನಿಯನ್ನರೂ ಸಿರಿಯಾಕ್ ಕ್ರೈಸ್ತರೂ ಪ್ರಜೆಗಳಾಗಿದ್ದರು ಎಂಬುದೂ ನಿಜ.

ಇವೆಲ್ಲ ದಂಡು ಯಾಕೆ ಹೊರಟಿತು ಎಂಬುದಕ್ಕೆ ಉತ್ತರ. ಆಣೆ ಮಾಡಿ ಆಯುಧ ತೆಗೆದುಕೊಂಡ ಮೇಲೆ ಕಡಿದದ್ದಕ್ಕೆ ಉತ್ತರವಲ್ಲ. ಇತಿಹಾಸ ಓದುವವರು ಈ ಎರಡನ್ನು ಬಹಳ ಸಲ ಗೊಂದಲ ಮಾಡಿಕೊಳ್ಳುತ್ತಾರೆ. ಕಾರಣ ತಿಳಿದೊಡನೆ ಲೆಕ್ಕ ಚುಕ್ತಾ ಆಯಿತೆಂದು ಪುಸ್ತಕ ಮುಚ್ಚುತ್ತಾರೆ. ಆ ಕಾಲವೇ ಹಾಗಿತ್ತು ಎಂಬ ಮಾತೂ ಪೂರ್ತಿ ನಿಲ್ಲದು. ಆಣೆ ಮುರಿಯುವುದು ಆ ಕಾಲದಲ್ಲೂ, ಆ ಧರ್ಮದಲ್ಲೂ ಪಾಪವೇ. ಅವನ ಕಾಲದ ಅಳತೆಗೋಲಿನಿಂದಲೇ ಅಳೆದರೂ ಅವನು ತಪ್ಪಿತಸ್ಥ.

ಸರಿ, ಆದರೆ ಜೆಲಾದೆತ್‌ಗೆ ಇದರಲ್ಲಿ ಏನು ಪಾತ್ರ? ಅವನು ಹುಟ್ಟಿದ್ದು 1893ರಲ್ಲಿ, ಲಿಜಾನ್ ನಡೆದು ಐವತ್ತು ವರ್ಷದ ಮೇಲೆ. ಅಜ್ಜನ ಮುಖವನ್ನೂ ಅವನು ನೋಡಿಲ್ಲ.

ಇಂಥ ಕಡೆ ನನಗೆ ನೆರವಿಗೆ ಬಂದದ್ದು ನಮ್ಮ ಕಲ್ಯಾಣದಲ್ಲಿ ಬರೆದ ಒಂದು ಪುಸ್ತಕ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ವನ್ನು ಆಸ್ತಿ ಹಂಚಿಕೆಯ ಗ್ರಂಥವೆಂದೇ ನಾವು ಬಲ್ಲೆವು. ಅದರಲ್ಲಿ ಸಾಲದ ಭಾಗವೂ ಇದೆ. ತಂದೆಯ ಸಾಲವನ್ನು ಮಗ ಬಡ್ಡಿಸಮೇತ ತೀರಿಸಬೇಕು. ಮೊಮ್ಮಗ ಅಸಲನ್ನು ಮಾತ್ರ ತೀರಿಸಿದರೆ ಸಾಕು, ಬಡ್ಡಿ ಬೇಡ. ಇದಕ್ಕೆ ವಿನಾಯಿತಿಗಳಿವೆ: ತಂದೆ ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲ ಮಗನಿಗೆ ತಾಗುವುದಿಲ್ಲ, ತಂದೆ ಕಟ್ಟದೆ ಉಳಿಸಿದ ದಂಡವೂ ತಾಗುವುದಿಲ್ಲ. ಮಗನಿಗೆ ತಂದೆಯ ಸಾಲದ ಹೊಣೆ ಇದೆಯೆಂಬ ಈ ಧರ್ಮಋಣದ ನಿಯಮವನ್ನು 2005ರ ತಿದ್ದುಪಡಿ ನಮ್ಮ ಕಾನೂನಿನಿಂದ ತೆಗೆದುಹಾಕಿತು. ಬ್ಯಾಂಕುಗಳ ಮಟ್ಟಿಗೆ ಅದು ಸರಿಯೇ ಇರಬಹುದು. ಯೋಚನೆಯ ಮಟ್ಟಿಗೆ ಹಳೆಯ ನಿಯಮದಲ್ಲಿ ಒಂದು ಸೂಕ್ಷ್ಮವಿತ್ತು: ದಂಡ ಬೇರೆ, ಸಾಲ ಬೇರೆ. ದಂಡ ಮಾಡಿದವನಿಗೇ ಸೇರಿದ್ದು, ಅವನೊಂದಿಗೆ ಸಾಯುತ್ತದೆ. ಸಾಲಕ್ಕೆ ಇನ್ನೊಬ್ಬ ವಾರಸುದಾರನಿದ್ದಾನೆ, ಕೊಟ್ಟವನ ಮಗ. ಈ ಕಡೆ ಒಬ್ಬ ಸತ್ತ ಮಾತ್ರಕ್ಕೆ ಆ ಕಡೆಯವನ ನಷ್ಟ ತುಂಬುವುದಿಲ್ಲ.

ಈ ಲೆಕ್ಕದಲ್ಲಿ ಜೆಲಾದೆತ್ ಅಪರಾಧಿಯಲ್ಲ. ಅವನನ್ನು ನೋಡಿ ಕೊಲೆಗಾರನ ಮೊಮ್ಮಗ ಎನ್ನುವುದು ಅನ್ಯಾಯ. ಆದರೆ ಅವನು ಅಜ್ಜನ ಹೆಸರನ್ನು ಮನೆತನದ ಹೆಸರಾಗಿ ಇಟ್ಟುಕೊಂಡ, ಆ ಹೆಸರಿನ ಬಲದಿಂದ ಜನ ಅವನ ಮಾತು ಕೇಳಿದರು, ಆ ಹೆಸರಿನಿಂದ ಪತ್ರಿಕೆಗೆ ತೂಕ ಬಂತು. ಆಸ್ತಿಯಲ್ಲಿ ಪಾಲು ತೆಗೆದುಕೊಂಡಾಗಿದೆ. ಹಾಗಾದರೆ ಅಸಲಾದರೂ ಕೊಡಬೇಕಾಗುತ್ತದೆ. ಅಸಲು ಅಂದರೆ ಏನು? ನನ್ನ ಮಟ್ಟಿಗೆ ಅದು ಸರಳ: ಹೆಮ್ಮೆಯ ಕಥೆ ಹೇಳುವಾಗ ಲಿಜಾನ್ ಎಂಬ ಹೆಸರನ್ನೂ ಅದೇ ಬಾಯಿಂದ, ಅದೇ ಭಾಷೆಯಲ್ಲಿ, ತಗ್ಗಿಸದೆ ಹೇಳುವುದು. ಹೊರಗಿನ ಇತಿಹಾಸಕಾರ ಹೇಳಿದರೆ ಅದು ಆರೋಪ. ಮನೆಯವನು ಹೇಳಿದರೆ ಮಾತ್ರ ಸಾಲ ಒಪ್ಪಿಕೊಂಡಂತೆ.

ಈ ಮನೆಯವರು ಆ ದಿಕ್ಕಿನಲ್ಲಿ ನಡೆದೇ ಇಲ್ಲವೆಂದು ನಾನು ಹೇಳಲಾರೆ. ಅಬ್ದುರ್ರಹಮಾನ್ ತನ್ನ ಪತ್ರಿಕೆಯಲ್ಲಿ ಹಮೀದಿಯೆ ದಳಗಳನ್ನು ಟೀಕಿಸಿದ. ಸುಲ್ತಾನ ಅಬ್ದುಲ್ ಹಮೀದ್ ಕುರ್ದ್ ಬುಡಕಟ್ಟುಗಳಿಂದ ಕಟ್ಟಿಸಿದ ಕುದುರೆಪಡೆ ಅದು. 1890ರ ದಶಕದ ಅರ್ಮೇನಿಯನ್ನರ ಹತ್ಯೆಗಳಲ್ಲಿ ಅದರ ಕೈಯಿತ್ತು. ನೆರೆಯವರನ್ನು ಕೊಲ್ಲಬೇಡಿ, ನಿಮ್ಮನ್ನು ಸುಲ್ತಾನ ಬಳಸಿಕೊಳ್ಳುತ್ತಿದ್ದಾನೆ ಎಂಬುದು ಅವನ ವಾದ. ಅವನು ಬೆದಿರ್‌ಖಾನನ ಮೊಮ್ಮಗನಲ್ಲ, ಮಗ. 1927ರಲ್ಲಿ ಲೆಬನಾನಿನಲ್ಲಿ ಹುಟ್ಟಿದ ‘ಖೊಯ್ಬೂನ್’ ಎಂಬ ಕುರ್ದ್ ಸಂಘಟನೆಗೆ ಜೆಲಾದೆತ್ ಮೊದಲ ಅಧ್ಯಕ್ಷ. ಅದರೊಂದಿಗೆ ಕೈಜೋಡಿಸಿದ್ದು ಅರ್ಮೇನಿಯನ್ನರ ದಶ್ನಾಕ್ ಪಕ್ಷ. ಹನ್ನೆರಡು ವರ್ಷ ಹಿಂದೆ ನಡೆದದ್ದನ್ನು ನೆನೆದರೆ ಆ ಎರಡು ಕೈಗಳು ಸೇರಿದ್ದು ಸಣ್ಣ ಸಂಗತಿಯಲ್ಲ. ಇವನ್ನೆಲ್ಲ ಕಂತು ಎಂದು ಬರೆದುಕೊಳ್ಳಲು ನಾನು ಸಿದ್ಧ. ಆದರೆ ಕಂತು ಸಂದದ್ದು ಇನ್ನೊಬ್ಬ ಸಾಲಗಾರನ ಮನೆಗೆ.

ತುರ್ಕಿಯ ಹಿರಿಯ ಕುರ್ದ್ ರಾಜಕಾರಣಿ ಅಹ್ಮೆತ್ ತುರ್ಕ್, 1915ರ ಹತ್ಯಾಕಾಂಡದಲ್ಲಿ ಕುರ್ದರು ವಹಿಸಿದ ಪಾತ್ರಕ್ಕಾಗಿ ಅರ್ಮೇನಿಯನ್ನರ, ಅಸ್ಸೀರಿಯನ್ನರ ಕ್ಷಮೆ ಕೇಳಿದ್ದಾರೆ. ಅದಕ್ಕೆ ಧೈರ್ಯ ಬೇಕಿತ್ತು. ಆದರೂ 1915ರ ಬಗ್ಗೆ ಮಾತಾಡುವುದು 1843ರ ಬಗ್ಗೆ ಮಾತಾಡುವುದಕ್ಕಿಂತ ಸ್ವಲ್ಪ ಸುಲಭ ಎನ್ನಿಸುತ್ತದೆ. 1915ರಲ್ಲಿ ಆಜ್ಞೆ ಇಸ್ತಾಂಬುಲಿನದು. ನಮ್ಮ ಅಜ್ಜಂದಿರನ್ನು ಬಳಸಿಕೊಂಡರು ಎಂದು ಹೇಳಬಹುದು. 1843ರಲ್ಲಿ ದಂಡಿನ ಮುಂದೆ ಇದ್ದವನು ಸ್ವಂತ ದೊರೆ, ಸ್ವಾತಂತ್ರ್ಯದ ಮೊದಲ ಹೆಸರು, ಹಾಡುಗಳ ನಾಯಕ.

ಗಾಯಗೊಂಡವನ ಬಳಿ ಹೀಗೆ ಲೆಕ್ಕ ಕೇಳುವುದು ಸರಿಯೇ ಎಂಬ ಆಕ್ಷೇಪಣೆ ನನಗೆ ಅತ್ಯಂತ ಭಾರವಾದದ್ದು. ಕುರ್ದರಿಗೆ ದೇಶವಿಲ್ಲ. 1988ರಲ್ಲಿ ಹಲಬ್ಜಾದಲ್ಲಿ ಸದ್ದಾಮನ ವಿಷಾನಿಲ ಅವರ ಮೇಲೆ ಬಿತ್ತು. ಜಿಜ್ರೆಯ ಬೀದಿಗಳನ್ನು 2015–16ರ ಕರ್ಫ್ಯೂ ದಿನಗಳಲ್ಲಿ ತುರ್ಕಿಯ ಸೈನ್ಯ ಪುಡಿ ಮಾಡಿತು. ಅಂಥವರ ಬಳಿ ಇರುವುದು ಒಬ್ಬ ದೊರೆಯ ನೆನಪು, ಅದನ್ನೂ ಕಿತ್ತುಕೊಳ್ಳಬೇಕೇ? ಈ ಪ್ರಶ್ನೆಗೆ ನನ್ನಲ್ಲಿ ಇರುವ ಉತ್ತರ ಅರ್ಧದ್ದು. ತುರ್ಕಿ ಈ ಹತ್ಯೆಯನ್ನು ಎತ್ತಿ ಆಡಿದರೆ ಅದು ಬೂಟಾಟಿಕೆ, ಅದಕ್ಕೆ ಕಿವಿಗೊಡಬೇಕಾಗಿಲ್ಲ. ಲಿಜಾನಿನವರು ಕೇಳಿದರೆ ಮಾತು ಬೇರೆ. ಅವರೂ ದೇಶವಿಲ್ಲದವರು. ಹಕ್ಕಾರಿಯ ಕಣಿವೆಗಳನ್ನು ಮೊದಲ ಮಹಾಯುದ್ಧದಲ್ಲಿ ಕಳೆದುಕೊಂಡವರು ಇನ್ನೂ ಮರಳಿಲ್ಲ. 1918ರಲ್ಲಿ ಅವರ ಮಾರ್ ಶಿಮೂನನನ್ನು ಮಾತುಕತೆಗೆ ಕರೆದು ಕೊಂದವನೂ ಸಿಮ್ಕೊ ಎಂಬ ಕುರ್ದ್ ನಾಯಕನೇ. ಒಬ್ಬ ದುರ್ಬಲ ಇನ್ನೊಬ್ಬ ದುರ್ಬಲನಿಗೆ, ನನ್ನ ನೋವು ನಿನಗಿಂತ ದೊಡ್ಡದು, ಆದ್ದರಿಂದ ನಿನ್ನದು ಆಮೇಲೆ ನೋಡೋಣ ಎನ್ನುವುದನ್ನು ನಾವು ನಮ್ಮ ಊರುಗಳಲ್ಲೂ ಕೇಳಿದ್ದೇವೆ.

ಲಿಜಾನ್ ಈಗ ಇರುವುದು ಇರಾಕಿನ ದುಹೋಕ್ ಪ್ರಾಂತ್ಯದಲ್ಲಿ, ಅಂದರೆ ಕುರ್ದರದೇ ಸರಕಾರವಿರುವ ಸ್ವಾಯತ್ತ ಪ್ರದೇಶದಲ್ಲಿ. ಮಾರ್ ಶಿಮೂನರ ಪೀಠ ಬಹಳ ಕಾಲ ಶಿಕಾಗೋದಲ್ಲಿತ್ತು. 2015ರಲ್ಲಿ ಅದು ಆ ಸರಕಾರದ ರಾಜಧಾನಿ ಎರ್ಬಿಲ್‌ಗೆ ಬಂತು. ಊರ ಅಂಚಿನ ಅಂಕಾವಾ ಎಂಬ ಕ್ರೈಸ್ತರ ಬಡಾವಣೆಯಲ್ಲಿ ಪ್ರಧಾನ ಗುರುವಿನ ಮನೆ. ಅಲ್ಲಿಂದ ಲಿಜಾನಿಗೆ ರಸ್ತೆಯಿದೆ, ನಡುವೆ ಯಾವ ದೇಶದ ಗಡಿಯೂ ಇಲ್ಲ, ಒಂದೇ ದಿನದಲ್ಲಿ ಹೋಗಿ ಬರಬಹುದು.